ಕ್ಷಮೆ: ಕೊಡುವವರೂ ಬೇಕು, ಕೇಳುವವರೂ ಬೇಕು

ಪ್ರತಿ ಭಾನುವಾರದ ಬಲಿಪೂಜೆಯಲ್ಲಿ ಪರಲೋಕ ಮಂತ್ರವನ್ನು ಜಪಿಸಿದ ತರುವಾಯ, ಪರಮಪ್ರಸಾದ ಸ್ವೀಕಾರಕ್ಕೆ ಮುನ್ನ, ಭಕ್ತಾದಿಗಳು ಪರಸ್ಪರ ಶಾಂತಿಯನ್ನು ಕೋರುವಂತೆ ಆಹ್ವಾನಿಸಲ್ಪಡುತ್ತಾರೆ. ಎಲ್ಲರೂ ಕೈಜೋಡಿಸಿ ಅಕ್ಕಪಕ್ಕದವರಿಗೆ ತಲೆಬಾಗುತ್ತಾರೆ. ಹೆಚ್ಚೆಂದರೆ ಅರ್ಧ ನಿಮಿಷದ ಕಾರ್ಯವಿದು. ಆದರೆ ಬಲಿಪೀಠದ ಬಳಿ ನಿಂತ ನಮಗೆ ಆ ಅರ್ಧ ನಿಮಿಷದಲ್ಲಿ ಇಡೀ ದೇವಾಲಯ ಕಾಣುತ್ತದೆ. ಯಾರು ಯಾರ ಕಡೆಗೆ ತಿರುಗಿದರು ಎಂಬುದು ಕಾಣುತ್ತದೆ. ಯಾರು ತಿರುಗಲಿಲ್ಲ ಎಂಬುದೂ ಕಾಣುತ್ತದೆ. ಒಂದೇ ತಾಯಿಯ ಮಕ್ಕಳು ಗಂಡಸರ ಸಾಲಿನ ಎರಡು ತುದಿಗಳಲ್ಲಿ ನಿಂತು, ಒಬ್ಬರನ್ನೊಬ್ಬರು ಬಿಟ್ಟು ಉಳಿದವರೆಲ್ಲರಿಗೂ ಶಾಂತಿ ಕೋರುವುದನ್ನು ನಾವು ಎಷ್ಟೋ ವರ್ಷ ನೋಡಿದ್ದೇವೆ. ಅನಂತರ ಆ ಇಬ್ಬರೂ ಬಂದು ಒಂದೇ ಪಾತ್ರೆಯಿಂದ ಪರಮಪ್ರಸಾದವನ್ನು ಸ್ವೀಕರಿಸಿದ್ದಾರೆ. ಕೊಟ್ಟವರು ನಾವೇ.

ಕ್ಷಮೆಯ ಕುರಿತು ಪ್ರಬೋಧನೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ತಪಸ್ಸುಕಾಲ ಬಂದರೆ ಸಾಕು, ಪೋಲಿಹೋದ ಮಗನ ಸಾಮತಿಯನ್ನು ನಾವೆಲ್ಲರೂ ಮತ್ತೊಮ್ಮೆ ವಿವರಿಸುತ್ತೇವೆ. ಹಾಗಿದ್ದೂ ನಮ್ಮ ಕುಟುಂಬಗಳಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು, ಒಂದೇ ಬಾವಿಯ ನೀರನ್ನು ಎರಡು ರಾಟೆಗಳಿಂದ ಸೇದುವ ಓರಗಿತ್ತಿಯರು, ಪರಸ್ಪರರ ಮಕ್ಕಳ ಮದುವೆಗೆ ಹೋಗದ ಸೋದರರು ಏಕೆ ಉಳಿದುಕೊಂಡಿದ್ದಾರೆ? ಕ್ಷಮೆಯ ಒಂದು ಅರ್ಧವನ್ನು ಮಾತ್ರ ನಾವು ಬೋಧಿಸುತ್ತಾ ಬಂದಿದ್ದೇವೆಯೇ ಎಂಬ ಸಂಶಯ ಈಚಿನ ವರ್ಷಗಳಲ್ಲಿ ನಮ್ಮನ್ನು ಕಾಡುತ್ತಿದೆ. ಈ ಸಂಶಯಕ್ಕೆ ಕಾರಣವಾದ ಪ್ರಸಂಗವನ್ನು, ಸಂಬಂಧಪಟ್ಟವರ ಅನುಮತಿ ಪಡೆದು, ಊರು ಹೆಸರುಗಳನ್ನು ಬಿಟ್ಟು ಇಲ್ಲಿ ಹೇಳುತ್ತೇವೆ. ಪಾಪನಿವೇದನೆಯ ಪೀಠದಲ್ಲಿ ಕೇಳಿದ ವಿಷಯ ಇದಲ್ಲ. ವಾಳೆಯವರೆಲ್ಲರಿಗೂ ತಿಳಿದಿದ್ದ ವಿಷಯ.

ನಾವು ಹಿಂದೆ ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಇಬ್ಬರು ಸೋದರರಿದ್ದರು. ತಂದೆ ಹಾಸಿಗೆ ಹಿಡಿದಿದ್ದ ಕಾಲದಲ್ಲಿ ತೋಟದ ಗಡಿಕಲ್ಲು ಸರಿದಿತ್ತು. ಪಾಲುಪಟ್ಟಿಯಾದಾಗ ತಮ್ಮನಿಗೆ ನಾಲ್ಕು ಸೆಂಟ್ಸ್ ಕಡಿಮೆ ಬಂತು. ನಾಲ್ಕು ಸೆಂಟ್ಸ್ ಭೂಮಿ ದೊಡ್ಡದಲ್ಲ; ಅದರಲ್ಲಿದ್ದುದು ಆರೇಳು ತೆಂಗಿನ ಮರ. ಆದರೆ ಅಣ್ಣನೇ ಹೀಗೆ ಮಾಡಿದನೆಂಬ ನೋವು ದೊಡ್ಡದು. ಮಾತು ನಿಂತಿತು. ತಾಯಿ ಮಾತ್ರ ಎರಡೂ ಮನೆಗಳಲ್ಲಿ ಉಳಿದರು. ತೆನೆಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಗಳನ್ನು ಆಕೆಯೇ ತಂದು, ಕಾಳುಗಳನ್ನು ಸುಲಿದು, ಎರಡು ಪಾಲು ಮಾಡಿ, ಎರಡು ಮನೆಗಳಲ್ಲಿ ಎರಡು ಬಾರಿ ಹೊಸ ಅಕ್ಕಿಯ ಊಟ ಮಾಡುತ್ತಿದ್ದರು.

ಆ ತಾಯಿಗೆ ಎಂಬತ್ತು ತುಂಬಿದಾಗ ಕೃತಜ್ಞತಾ ಬಲಿಪೂಜೆಯನ್ನು ಏರ್ಪಡಿಸಲಾಯಿತು. ಇದೇ ಸುಸಂದರ್ಭವೆಂದು ಭಾವಿಸಿ ನಾವು ಹಿಂದಿನ ಸಂಜೆ ಇಬ್ಬರನ್ನೂ ಗುರುನಿವಾಸಕ್ಕೆ ಕರೆಸಿದೆವು. ಹಳೆಯದನ್ನೆಲ್ಲ ಮರೆತುಬಿಡಿ, ತಾಯಿಯ ಸಂತೋಷಕ್ಕಾಗಿ ಕೈಕುಲುಕಿರಿ ಎಂದೆವು. ಅವರು ಕೈಕುಲುಕಿದರು. ಮರುದಿನ ಒಂದೇ ಬೆಂಚಿನಲ್ಲಿ ಕುಳಿತು ಫೋಟೋ ತೆಗೆಸಿಕೊಂಡರು. ನಮ್ಮ ಪೌರೋಹಿತ್ಯದ ಒಂದು ಸಾರ್ಥಕ ದಿನವೆಂದು ನಾವೂ ಬೀಗಿದೆವು. ಆರು ತಿಂಗಳೊಳಗೆ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ನಾವು ತಮ್ಮನನ್ನು ಕರೆದು ತುಸು ಕಟುವಾಗಿಯೇ ವಿಚಾರಿಸಿದೆವು. ಆತ ಎದ್ದುನಿಂತು ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: “ಫಾದರ್, ಕ್ಷಮಿಸು ಎಂದು ನೀವು ನನಗೆ ಹೇಳಿದಿರಿ, ನಾನು ಕ್ಷಮಿಸಿದೆ. ಕ್ಷಮೆ ಕೇಳು ಎಂದು ಅಣ್ಣನಿಗೆ ಯಾರೂ ಹೇಳಲಿಲ್ಲವಲ್ಲ?”

ನಮ್ಮಲ್ಲಿ ಉತ್ತರವಿರಲಿಲ್ಲ. ಅನ್ಯಾಯಕ್ಕೊಳಗಾದವನಿಗೆ ಉಪದೇಶ ಮಾಡುವುದು ಸುಲಭ. ಆತ ಹೇಗೂ ನೋವಿನಿಂದ ಬಾಗಿರುತ್ತಾನೆ. ಅನ್ಯಾಯ ಮಾಡಿದವನಿಗೆ, ಅದರಲ್ಲೂ ಆತ ಊರಿನ ಗಣ್ಯನಾಗಿದ್ದರೆ, ಸತ್ಯವನ್ನು ಹೇಳುವುದು ಕಷ್ಟ. ನಾವು ಸುಲಭವಾದುದನ್ನು ಮಾಡಿ ಅದಕ್ಕೆ ಸಂಧಾನವೆಂದು ಹೆಸರಿಟ್ಟಿದ್ದೆವು.

ಆ ಬಳಿಕ ನಾವು ಶುಭಸಂದೇಶವನ್ನು ಮತ್ತೆ ತೆರೆದು ಓದಿದೆವು. ಸಂತ ಮತ್ತಾಯರ ಹದಿನೆಂಟನೆಯ ಅಧ್ಯಾಯದಲ್ಲಿ, ಎಷ್ಟು ಬಾರಿ ಕ್ಷಮಿಸಬೇಕೆಂಬ ಪೇತ್ರನ ಪ್ರಶ್ನೆಗೆ ಯೇಸುಸ್ವಾಮಿ ಲೆಕ್ಕವನ್ನೇ ಅಳಿಸಿಹಾಕುವ ಉತ್ತರ ಕೊಟ್ಟು, ಕರುಣೆಯಿಲ್ಲದ ಸೇವಕನ ಸಾಮತಿಯನ್ನು ಹೇಳುತ್ತಾರೆ. ಅದರಲ್ಲಿ ಬರುವ ಮೊತ್ತಗಳನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಸೇವಕನು ಅರಸನಿಗೆ ಕೊಡಬೇಕಾದುದು 10,000 ತಲಾಂತು. ಒಂದು ತಲಾಂತು ಎಂದರೆ ಸುಮಾರು 6,000 ದೆನಾರಿ. ಒಂದು ದೆನಾರಿ ಎಂದರೆ ಕೂಲಿಯಾಳಿನ ಒಂದು ದಿನದ ದುಡಿಮೆ. ಹಾಗಾದರೆ ಸಾಲ 6 ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು. ಜೊತೆಸೇವಕನು ಆತನಿಗೆ ಕೊಡಬೇಕಾಗಿದ್ದುದು 100 ದೆನಾರಿ. ಆರು ಲಕ್ಷದಲ್ಲಿ ಒಂದು ಪಾಲು. ದೇವರು ನಮಗೆ ಮನ್ನಿಸಿರುವ ಋಣದ ಮುಂದೆ ನಾವು ಇತರರಿಗೆ ಮನ್ನಿಸಬೇಕಾದುದು ಎಷ್ಟು ಅಲ್ಪವೆಂಬುದೇ ಇಲ್ಲಿಯ ಮುಖ್ಯ ಬೋಧನೆ.

ಆದರೆ ಇನ್ನೊಂದು ಅಂಶವೂ ಇಲ್ಲಿದೆ. ನೂರು ದೆನಾರಿ ಎಂಬುದು ಶೂನ್ಯವಲ್ಲ. ಅದು ಬಡವನೊಬ್ಬನ ನೂರು ದಿನಗಳ ಬೆವರು. ಆ ಸಾಲ ಇರಲೇ ಇಲ್ಲವೆಂದು ಯೇಸುಸ್ವಾಮಿ ಹೇಳುವುದಿಲ್ಲ. ಇದ್ದ ಸಾಲವನ್ನೇ ಮನ್ನಿಸಲು ಬರುತ್ತದೆ. ಇಲ್ಲದ ಸಾಲವನ್ನು ಮನ್ನಿಸುವ ಮಾತೇ ಇಲ್ಲ. ಏನೂ ಆಗಲಿಲ್ಲ ಬಿಡು ಎಂದು ನೊಂದವನಿಗೆ ಹೇಳಿದರೆ ನಾವು ಆತನ ನೋವನ್ನು ಅಲ್ಲಗಳೆದಂತೆಯೇ ಹೊರತು ಆತನನ್ನು ಕ್ಷಮೆಯ ಕಡೆಗೆ ನಡೆಸಿದಂತೆ ಆಗುವುದಿಲ್ಲ.

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುವಾಗ ಅರಿಸ್ಟಾಟಲನ ನೀತಿಶಾಸ್ತ್ರದಲ್ಲಿ ಒಂದು ವಿಚಾರ ನಮ್ಮ ಗಮನ ಸೆಳೆದಿತ್ತು: ಆದುದನ್ನು ಆಗದಂತೆ ಮಾಡುವ ಶಕ್ತಿ ಯಾರಿಗೂ ಇಲ್ಲ. ಕಳೆದ ಕಾಲ ಕಲ್ಲಿನಂತೆ ಗಟ್ಟಿ. ಹಾಗಾದರೆ ತಪ್ಪು ಮಾಡಿದ ಮನುಷ್ಯನಿಗೆ ದಾರಿಯೇನು? ಜರ್ಮನಿಯಲ್ಲಿ ಹುಟ್ಟಿದ ಯೆಹೂದಿ ಚಿಂತಕಿ ಹನ್ನಾ ಅರೆಂಟ್, 1958ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಹಿಂದಿರುಗಿಸಲಾಗದ ಕೃತ್ಯಕ್ಕೆ ಮನುಷ್ಯರ ನಡುವೆ ಇರುವ ಪರಿಹಾರ ಕ್ಷಮೆಯೇ ಎಂದರು. ಮಾನವ ವ್ಯವಹಾರದಲ್ಲಿ ಕ್ಷಮೆಗಿರುವ ಈ ಸ್ಥಾನವನ್ನು ಕಂಡುಕೊಟ್ಟವರು ನಜರೇತಿನ ಯೇಸುವೆಂದೂ ಒಪ್ಪಿಕೊಂಡರು. ಕ್ರೈಸ್ತರಲ್ಲದವರೊಬ್ಬರ ಈ ಸಾಕ್ಷ್ಯ ನಮ್ಮನ್ನು ನಾಚಿಸಬೇಕು. ಕ್ಷಮೆಯು ಕಳೆದುದನ್ನು ಅಳಿಸುವುದಿಲ್ಲ. ಅದು ನಾಳೆಯ ದಿನವನ್ನು ಆಳದಂತೆ ತಡೆಯುತ್ತದೆ. ಸಂತ ಥಾಮಸ್ ಅಕ್ವಿನಾಸರಂತೂ ಕರುಣೆಯು ನ್ಯಾಯವನ್ನು ರದ್ದುಮಾಡುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂದು ಬೋಧಿಸಿದರು. ನ್ಯಾಯವನ್ನು ಹೊರಗಟ್ಟಿ ಕ್ಷಮೆಯನ್ನು ಒಳತರಲು ಹೊರಟ ನಮ್ಮ ಅಂದಿನ ಪ್ರಯತ್ನ ಏಕೆ ಸೋತಿತೆಂಬುದಕ್ಕೆ ಅಲ್ಲೇ ಉತ್ತರವಿತ್ತು.

ಕ್ಷಮಿಸುವುದು ಬೇರೆ, ಸಂಬಂಧ ಮರಳಿ ಕೂಡುವುದು ಬೇರೆ. ಕ್ಷಮೆ ಒಬ್ಬನ ಹೃದಯದಲ್ಲಿ ದೇವರ ಕೃಪೆಯಿಂದ ಆಗಬಲ್ಲದು; ಎದುರಿನವನು ಪಶ್ಚಾತ್ತಾಪ ಪಡದಿದ್ದರೂ, ಸತ್ತೇ ಹೋಗಿದ್ದರೂ ಆಗಬಲ್ಲದು. ಸಂಬಂಧ ಕೂಡಲು ಮಾತ್ರ ಇಬ್ಬರೂ ಬೇಕು. ಆದ್ದರಿಂದಲೇ ಯೇಸುಸ್ವಾಮಿ ಇಬ್ಬರಿಗೂ ಆಜ್ಞೆ ಕೊಟ್ಟಿದ್ದಾರೆ. ಮತ್ತಾಯರ ಹದಿನೆಂಟನೆಯ ಅಧ್ಯಾಯದಲ್ಲಿ ನೊಂದವನು ತಾನಾಗಿ ಹೋಗಿ, ಯಾರಿಗೂ ತಿಳಿಯದಂತೆ, ಸೋದರನಿಗೆ ತಪ್ಪನ್ನು ತಿಳಿಸಬೇಕು. ಆತ ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯಬೇಕು. ಅದಕ್ಕೂ ಬಗ್ಗದಿದ್ದರೆ ಧರ್ಮಸಭೆಗೆ ತಿಳಿಸಬೇಕು. ಐದನೆಯ ಅಧ್ಯಾಯದಲ್ಲಿ ಬಲಿಪೀಠಕ್ಕೆ ಕಾಣಿಕೆ ತಂದವನ ಮಾತು ಬರುತ್ತದೆ. ಅಲ್ಲಿ ನೆನಪಾಗಬೇಕಾದುದು ತನಗೆ ಇತರರ ಮೇಲಿರುವ ಸಿಟ್ಟಲ್ಲ. ಸೋದರನಿಗೆ ತನ್ನ ಮೇಲಿರುವ ಅಸಮಾಧಾನ. ಎಂದರೆ ನೋಯಿಸಿದವನೇ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಎದ್ದು ಹೋಗಬೇಕು. ಈ ಎರಡು ಆಜ್ಞೆಗಳನ್ನೂ ಪಾಲಿಸಿದರೆ ನೊಂದವನೂ ನೋಯಿಸಿದವನೂ ದಾರಿಯ ನಡುವೆಯೇ ಎದುರುಬದುರಾಗುತ್ತಾರೆ. ನಾವಾದರೋ ಮೊದಲು ಆತನೇ ಬರಲಿ ಎಂದು ಇಬ್ಬರೂ ಅವರವರ ಜಗಲಿಯಲ್ಲಿ ಕುಳಿತು ಮುದುಕರಾಗುತ್ತೇವೆ.

ಧರ್ಮಸಭೆಯ ಸಂಸ್ಕಾರವೂ ಇದನ್ನೇ ಕಲಿಸುತ್ತದೆ. ಪಾಪನಿವೇದನೆಯ ಸಂಸ್ಕಾರದಲ್ಲಿ ನಮ್ಮ ಕಡೆಯಿಂದ ಆಗಬೇಕಾದ ಮೂರು ಕಾರ್ಯಗಳನ್ನು 1551ರಲ್ಲಿ ಟ್ರೆಂಟ್ ಮಹಾಸಭೆ ಸ್ಪಷ್ಟಪಡಿಸಿತು: ಪಶ್ಚಾತ್ತಾಪ, ನಿವೇದನೆ ಮತ್ತು ಪ್ರಾಯಶ್ಚಿತ್ತ. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರ ತನ್ನ ಧರ್ಮಸಭೆಯ ಕುರಿತ ಸಂವಿಧಾನದಲ್ಲಿ, ಈ ಸಂಸ್ಕಾರದ ಮೂಲಕ ನಾವು ದೇವರಿಂದ ಕ್ಷಮೆ ಪಡೆಯುವುದರೊಂದಿಗೆ, ನಮ್ಮ ಪಾಪದಿಂದ ಗಾಯಗೊಂಡ ಧರ್ಮಸಭೆಯೊಂದಿಗೂ ಸಂಧಾನ ಹೊಂದುತ್ತೇವೆಂದು ನೆನಪಿಸಿತು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ಇನ್ನೂ ಬಿಡಿಸಿ ಹೇಳುತ್ತದೆ: ಕದ್ದುದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು, ಮಾಡಿದ ಗಾಯಕ್ಕೆ ಪರಿಹಾರ ನೀಡಬೇಕು. ಜಕ್ಕಾಯನು ಅರ್ಧ ಆಸ್ತಿಯನ್ನು ಬಡವರಿಗೆ ಕೊಟ್ಟು, ಮೋಸದಿಂದ ಪಡೆದುದನ್ನು ನಾಲ್ಕರಷ್ಟು ತೀರಿಸಲು ಮುಂದಾದನಲ್ಲವೇ? ಮೂರು ಬಾರಿ ನಮೋಮರಿಯಾ ಜಪಿಸಿ, ಸರಿಸಿದ ಗಡಿಕಲ್ಲನ್ನು ಇದ್ದಲ್ಲಿಯೇ ಬಿಟ್ಟು ಮನೆಗೆ ಹೋಗುವವನು ತನ್ನ ಪಶ್ಚಾತ್ತಾಪ ಎಷ್ಟು ನಿಜವೆಂದು ತನ್ನನ್ನೇ ಕೇಳಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳದೆ ಇರಲಾರೆವು. ಕ್ಷಮೆಯ ಹೆಸರಿನಲ್ಲಿ ಅಪರಾಧವನ್ನು ಮುಚ್ಚಿಡುವುದು ಕ್ರೈಸ್ತ ನಡತೆಯಲ್ಲ. ಗಂಡನ ಕೈಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳಿಗೆ ಕ್ಷಮಿಸಿ ಸಹಿಸಿಕೋ ಎಂದಷ್ಟೇ ಹೇಳಿ ಅದೇ ಮನೆಗೆ ಕಳುಹಿಸುವುದು ಪಾಪದಲ್ಲಿ ಪಾಲುಗೊಂಡಂತೆ. ಮಕ್ಕಳ ಮೇಲೆ ದೌರ್ಜನ್ಯ ನಡೆದರೆ ಅದನ್ನು ಅಧಿಕಾರಿಗಳಿಗೆ ತಿಳಿಸಬೇಕೆಂದು 2012ರ ಕಾನೂನು ವಿಧಿಸಿದೆ. ಮನೆಯ ಮಾನವಾಗಲಿ, ಧರ್ಮಕೇಂದ್ರದ ಮಾನವಾಗಲಿ ಅದಕ್ಕಿಂತ ದೊಡ್ಡದಲ್ಲ. ದ್ವೇಷವನ್ನು ಹೃದಯದಿಂದ ತೆಗೆದುಹಾಕಿಯೂ ದೂರವಿರಬೇಕಾದ ಸಂದರ್ಭಗಳುಂಟು. ಅದಕ್ಕಾಗಿ ನೊಂದವರು ಅಪರಾಧಿ ಭಾವದಿಂದ ನರಳಬೇಕಾಗಿಲ್ಲ.

ಹಾಗಾದರೆ ವಿಶ್ವಾಸಿಗಳ ನಡುವೆ ಮುರಿದ ಸಂಬಂಧ ನಿಜವಾಗಿಯೂ ಕೂಡುವುದುಂಟೇ? ಪ್ರೇಷಿತರ ಕಾಲದಲ್ಲಿಯೇ ಉದಾಹರಣೆಯಿದೆ. ಮಾರ್ಕನೆನಿಸಿದ ಯೊವಾನ್ನನು ಮೊದಲ ಧರ್ಮಪ್ರಚಾರ ಯಾತ್ರೆಯ ನಡುವೆ ಪಂಫುಲಿಯದಲ್ಲಿ ಜೊತೆಗಾರರನ್ನು ಬಿಟ್ಟು ಹಿಂದಿರುಗಿದ್ದನು. ಎರಡನೆಯ ಯಾತ್ರೆಗೆ ಆತನನ್ನು ಕರೆದೊಯ್ಯಲು ಬಾರ್ನಬರು ಬಯಸಿದರು. ಸಂತ ಪೌಲರು ಒಪ್ಪಲಿಲ್ಲ. ಪೌಲರು ಮತಾಂತರಗೊಂಡ ಹೊಸದರಲ್ಲಿ ಜೆರುಸಲೇಮಿನಲ್ಲಿ ಎಲ್ಲರೂ ಅವರನ್ನು ಕಂಡು ಅಂಜುತ್ತಿದ್ದಾಗ ಕೈಹಿಡಿದು ಪ್ರೇಷಿತರ ಬಳಿಗೆ ಕರೆದೊಯ್ದವರು ಇದೇ ಬಾರ್ನಬರು. ಅಂಥವರೊಂದಿಗೆ ತೀಕ್ಷ್ಣ ವಾಗ್ವಾದ ನಡೆದು, ಒಬ್ಬರು ಮಾರ್ಕನೊಂದಿಗೆ ಸೈಪ್ರಸ್ಸಿಗೂ ಇನ್ನೊಬ್ಬರು ಸೀಲನೊಂದಿಗೆ ಸಿರಿಯದ ಕಡೆಗೂ ಹೊರಟುಹೋದರು. ಸಂತ ಲೂಕರು ಇದನ್ನು ಮರೆಮಾಚಲಿಲ್ಲ. ಸಂತರೂ ಜಗಳವಾಡಿದರೆಂದು ಪವಿತ್ರ ಗ್ರಂಥವೇ ಸಾರುತ್ತಿರುವಾಗ ನಮ್ಮ ಮನೆಯ ಜಗಳವನ್ನು ಮುಚ್ಚಿಡುವ ಶ್ರಮವೇಕೆ?

ಮುಂದೆ ಆದುದನ್ನು ನೋಡಿ. ಕೊರಿಂಥದವರಿಗೆ ಬರೆಯುವಾಗ ಪೌಲರು ಬಾರ್ನಬರನ್ನು ತಮಗೆ ಸಮಾನರೆಂಬಂತೆ ಹೆಸರಿಸುತ್ತಾರೆ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಮಾರ್ಕನು ಸೆರೆವಾಸದಲ್ಲಿರುವ ಪೌಲರ ಪಕ್ಕದಲ್ಲಿದ್ದಾನೆ. ಆತ ಬಂದರೆ ಸ್ವಾಗತಿಸಿರೆಂಬ ಸೂಚನೆಯೂ ಇದೆ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಬಹುತೇಕ ಎಲ್ಲರೂ ತಮ್ಮನ್ನು ಬಿಟ್ಟುಹೋದ ವೇಳೆಯಲ್ಲಿ, ಪೌಲರು ಮಾರ್ಕನನ್ನು ಕರೆತರಲು ಕೇಳಿಕೊಳ್ಳುತ್ತಾರೆ. ಆತನ ಸೇವೆ ತಮಗೆ ಬೇಕೆನ್ನುತ್ತಾರೆ. ಒಂದು ಕಾಲದಲ್ಲಿ ಕೆಲಸಕ್ಕೆ ಬಾರದವನೆಂದು ಬಿಟ್ಟವನೇ ಕೊನೆಗಾಲಕ್ಕೆ ಬೇಕಾದವನಾದ. ಇದಕ್ಕೆ ಹಿಡಿದುದು ಒಂದು ಸಂಜೆಯಲ್ಲ, ಅನೇಕ ವರ್ಷ. ನಡುವೆ ಮಾರ್ಕನು ಸುಮ್ಮನೆ ಕುಳಿತಿರಲಿಲ್ಲ. ದುಡಿದು ತನ್ನ ನಂಬಿಕಸ್ಥಿಕೆಯನ್ನು ಮರಳಿ ಗಳಿಸಿದ್ದನು.

ನಮ್ಮ ದೇಶದಲ್ಲಿಯೇ, ನಮ್ಮ ಕಾಲದಲ್ಲಿಯೇ ನಡೆದುದನ್ನು ನೆನೆಯೋಣ. ಕೇರಳದ ಪುಲ್ಲುವಳಿಯಲ್ಲಿ ಹುಟ್ಟಿದ ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯ ಸಹೋದರಿ ರಾಣಿ ಮರಿಯ ಮಧ್ಯಪ್ರದೇಶದ ಉದಯನಗರದಲ್ಲಿ ಬಡ ಕೃಷಿಕರನ್ನು ಬಡ್ಡಿಯ ಹಿಡಿತದಿಂದ ಬಿಡಿಸಲು ದುಡಿದವರು. ಅದನ್ನು ಸಹಿಸದವರ ಪ್ರೇರಣೆಯಿಂದ 1995ರ ಫೆಬ್ರವರಿ 25ರಂದು, ಇಂದೋರಿಗೆ ಹೊರಟ ಬಸ್ಸಿನಲ್ಲಿ, ಯುವಕನೊಬ್ಬ ಆಕೆಯನ್ನು ಇರಿದು ಕೊಂದನು. ಆತನಿಗೆ ಶಿಕ್ಷೆಯಾಯಿತು. ಸೆರೆಮನೆಯಲ್ಲಿ ಆತನನ್ನು ಕಂಡು ಮನಪರಿವರ್ತನೆಗೆ ನೆರವಾದವರು ಸ್ವಾಮಿ ಸದಾನಂದರೆಂಬ ಧರ್ಮಗುರು. 2002ರಲ್ಲಿ ರಾಣಿ ಮರಿಯರ ಒಡಹುಟ್ಟಿದ ತಂಗಿ, ಅದೇ ಸಭೆಯ ಸಹೋದರಿ ಸೆಲ್ಮಿ, ಸೆರೆಮನೆಗೆ ಹೋಗಿ ಆತನ ಕೈಗೆ ರಾಖಿ ಕಟ್ಟಿದರು. 2006ರಲ್ಲಿ ಬಿಡುಗಡೆಯಾದ ಆತ ಕೇರಳಕ್ಕೆ ಹೋಗಿ ಆಕೆಯ ತಂದೆತಾಯಿಯರನ್ನು ಕಂಡನು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯರನ್ನು ಪುನೀತೆಯೆಂದು ಘೋಷಿಸಿದಾಗ ಆತನೂ ಅಲ್ಲಿದ್ದನು.

ಈ ಘಟನೆಯಲ್ಲಿ ಯಾರೂ ಸತ್ಯವನ್ನು ಮುಚ್ಚಲಿಲ್ಲ ಎಂಬುದನ್ನು ಗಮನಿಸಬೇಕು. ಕೊಲೆಯನ್ನು ಕೊಲೆಯೆಂದೇ ಕರೆಯಲಾಯಿತು, ಶಿಕ್ಷೆ ಜಾರಿಯಾಯಿತು, ತಪ್ಪಿತಸ್ಥನು ಪಶ್ಚಾತ್ತಾಪ ಪಟ್ಟನು. ಕ್ಷಮೆ ಇವುಗಳ ಜೊತೆಗೇ ಬಂತು. ಅಕ್ಕನನ್ನು ಕೊಂದ ಕೈಗೆ ಬೇರೆ ಧರ್ಮದ ಅಣ್ಣನೆಂದು ರಾಖಿ ಕಟ್ಟಲು ಸಾಧ್ಯವಾದರೆ, ಒಂದೇ ಜ್ಞಾನಸ್ನಾನ, ಒಂದೇ ಪರಮಪ್ರಸಾದ, ಒಂದೇ ತಾಯಿಯ ಹಾಲನ್ನು ಹಂಚಿಕೊಂಡ ನಮಗೆ ಒಂದು ಬೇಲಿಯನ್ನು ದಾಟಲು ಏಕೆ ಸಾಧ್ಯವಿಲ್ಲ?

ಆ ಸೋದರರ ವಿಷಯಕ್ಕೆ ಮರಳುತ್ತೇವೆ. ತಮ್ಮನ ಮಾತು ಕೇಳಿದ ಮೇಲೆ ನಾವು ಧೈರ್ಯಮಾಡಿ ಅಣ್ಣನ ಮನೆಗೆ ಹೋದೆವು. ಆತ ನಮ್ಮನ್ನು ಕೂರಿಸಲಿಲ್ಲ. ಒಂದು ವರ್ಷ ನಮ್ಮೊಂದಿಗೂ ಮಾತು ಬಿಟ್ಟರು. ಅಷ್ಟರಲ್ಲಿ ತಾಯಿ ತೀರಿಕೊಂಡರು. ಶ್ಮಶಾನದಲ್ಲಿ ಮಣ್ಣು ಹಾಕುವಾಗಲೂ ಇಬ್ಬರೂ ಎರಡು ಬದಿಗಳಲ್ಲಿ ನಿಂತಿದ್ದರು. ತಿಂಗಳ ಪೂಜೆ ಮುಗಿದ ಬಳಿಕ ಒಂದು ಸಂಜೆ ಅಣ್ಣ ಗುರುನಿವಾಸಕ್ಕೆ ಬಂದು, ತಮ್ಮನ ಮನೆಗೆ ತಮ್ಮೊಂದಿಗೆ ಬರಬೇಕೆಂದು ಕೇಳಿಕೊಂಡರು. ನಾವೂ ವಾಳೆಯ ಗುರಿಕಾರರೂ ಹೋದೆವು. ಹೆಂಡತಿ ಮಕ್ಕಳೆಲ್ಲರ ಎದುರು ಅವರು ಹೇಳಿದುದು ಇಷ್ಟೇ: “ಅಪ್ಪ ಮಲಗಿದ್ದಾಗ ಕಲ್ಲು ಸರಿಸಿದವನು ನಾನೇ. ಸೋಮವಾರ ಸರ್ವೇಯರ್ ಬರುತ್ತಾನೆ. ನಿನ್ನದು ನಿನಗೆ.”

ತಮ್ಮ ಓಡಿಬಂದು ಅಪ್ಪಿಕೊಳ್ಳಲಿಲ್ಲ. ಬಹಳ ಹೊತ್ತು ನೆಲ ನೋಡುತ್ತಿದ್ದು, “ಕೇಳಿದೆ ಅಣ್ಣ. ನನಗೆ ಸ್ವಲ್ಪ ದಿನ ಕೊಡು” ಎಂದರು. ಅಣ್ಣ ಎಂಬ ಶಬ್ದ ಆ ಮನೆಯಲ್ಲಿ ಕೇಳಿಬಂದುದು ಎಷ್ಟೋ ವರ್ಷಗಳ ಮೇಲೆ. ಈ ಬಾರಿ ನಾವು ಅವಸರ ಮಾಡಲಿಲ್ಲ, ಕೈಕುಲುಕಿಸಲಿಲ್ಲ. ಭೂಮಿ ಅಳೆದಾಯಿತು, ಪ್ರಕರಣ ಹಿಂದೆಗೆದಾಯಿತು. ಸೆಪ್ಟೆಂಬರ್ 8 ಬಂತು. ತಾಯಿ ಇಲ್ಲದ ಮೊದಲ ತೆನೆಹಬ್ಬ. ಇಬ್ಬರೂ ಇಗರ್ಜಿಯಿಂದ ಬೇರೆಬೇರೆಯಾಗಿ ತೆನೆ ಒಯ್ದರು. ಮಧ್ಯಾಹ್ನದ ಹೊತ್ತಿಗೆ ತಮ್ಮ ತನ್ನ ಮಗಳ ಕೈಯಲ್ಲಿ ಹೊಸ ಅಕ್ಕಿಯ ಪಾಯಸದ ಪಾತ್ರೆ ಕೊಟ್ಟು ದೊಡ್ಡಪ್ಪನ ಮನೆಗೆ ಕಳುಹಿಸಿದರು. ಪಾತ್ರೆಯನ್ನು ಹಿಂದಿರುಗಿಸಲು ಅಣ್ಣ ತಾವೇ ಹೋದರು. ಹೋದವರು ಊಟಕ್ಕೆ ಕುಳಿತರು. ಇಂದಿಗೂ ಅವರ ನಡುವೆ ಎಲ್ಲವೂ ಮೊದಲಿನಂತಿಲ್ಲ. ಆದರೆ ಮಕ್ಕಳು ಒಂದೇ ಅಂಗಳದಲ್ಲಿ ಆಡುತ್ತಾರೆ.

ಇಷ್ಟನ್ನು ಕಂಡ ಮೇಲೆ ನಮ್ಮ ಧರ್ಮಕೇಂದ್ರಗಳ ಮುಂದೆ ಕೆಲವು ವಿನಂತಿಗಳನ್ನು ಇಡಲು ಬಯಸುತ್ತೇವೆ. ತಪಸ್ಸುಕಾಲದಲ್ಲಿ ಮಾಂಸ ಮೀನು ಬಿಡುವ ಸಂಕಲ್ಪದೊಂದಿಗೆ ಒಬ್ಬರ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳುವ ಸಂಕಲ್ಪವನ್ನೂ ಪ್ರತಿ ಕುಟುಂಬ ಮಾಡಲಿ. ಗುರಿಕಾರರೂ ಪಾಲನಾ ಮಂಡಳಿಯ ಹಿರಿಯರೂ ರಾಜಿ ಮಾಡಿಸುವಾಗ ಮೊದಲು ಇಬ್ಬರ ಮಾತನ್ನೂ ಬೇರೆಬೇರೆಯಾಗಿ ಪೂರ್ತಿ ಕೇಳಲಿ. ಯಾರು ಬಾಗುತ್ತಾರೋ ಅವರನ್ನೇ ಬಾಗಿಸುವ ಅಭ್ಯಾಸ ಬಿಡಲಿ. ಧರ್ಮಗುರುಗಳಾದ ನಾವು ಪಾಪಪರಿಹಾರ ನೀಡುವಾಗ ಜಪದೊಂದಿಗೆ ಹಿಂದಿರುಗಿಸಬೇಕಾದುದನ್ನೂ ನೆನಪಿಸೋಣ. ನಾವೇ ನೋಯಿಸಿದ ವಿಶ್ವಾಸಿಗಳಿದ್ದರೆ ಅವರ ಬಾಗಿಲಿಗೆ ನಾವೇ ಹೋಗೋಣ. 2000ದ ಮಾರ್ಚ್ 12ರಂದು ಪೋಪ್ ಎರಡನೆಯ ಜಾನ್ ಪೌಲರು ಧರ್ಮಸಭೆಯ ಮಕ್ಕಳ ತಪ್ಪುಗಳಿಗಾಗಿ ರೋಮಿನಲ್ಲಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ಅದರಿಂದ ಅವರ ಘನತೆ ಕುಂದಲಿಲ್ಲ. ನಮ್ಮದೂ ಕುಂದಲಾರದು.

ಆ ತಮ್ಮನ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಈ ಅಂಕಣದ ಮೂಲಕ ಕೊಡುತ್ತಿದ್ದೇವೆ: ಮಗನೇ, ನಿನ್ನ ಅಣ್ಣನಿಗೆ ಆ ಮಾತನ್ನು ಹೇಳಬೇಕಾಗಿದ್ದವರು ನಾವು, ಹೇಳಲಿಲ್ಲ, ಅದಕ್ಕಾಗಿ ನಿನ್ನ ಕ್ಷಮೆ ಬೇಡುತ್ತೇವೆ. ಬರುವ ಭಾನುವಾರ ಶಾಂತಿ ಕೋರುವ ಆ ಅರ್ಧ ನಿಮಿಷದಲ್ಲಿ, ಪ್ರಿಯ ಓದುಗರೇ, ನಿಮ್ಮ ಪಕ್ಕದಲ್ಲಿರುವವರಿಗೆ ತಲೆಬಾಗಿದ ಮೇಲೆ, ಪಕ್ಕದಲ್ಲಿ ಇರಬೇಕಾಗಿದ್ದು ಇಲ್ಲದವರು ಯಾರೆಂದು ಒಮ್ಮೆ ನೆನೆಯಿರಿ. ಬಲಿಪೂಜೆ ಮುಗಿದ ಮೇಲೆ ಮನೆಯ ದಾರಿ ಹಿಡಿಯುವ ಮುನ್ನ ಅವರ ಮನೆಯ ದಾರಿ ಹಿಡಿಯಿರಿ. ಸರ್ವೇಶ್ವರನು ನಿಮ್ಮ ಹೆಜ್ಜೆಗಳನ್ನು ಆಶೀರ್ವದಿಸಲಿ.